ಆವೆಮಣ್ಣು, ಸುರ್ಕಿ, ಕಲ್ಪುಡಿ: ಚಾರ್ಲ್‌ಸ್ಟನ್ ಮಹಿಳಾ ಟೆನಿಸ್ ಟೂರ್ನಿಯ ನೆಲದ ಮರುಓದು

ಕ್ರಿಸ್ ಎವರ್ಟ್ 1973ರ ಆಗಸ್ಟ್‌ನಿಂದ 1979ರ ಮೇ ತಿಂಗಳವರೆಗೆ ಆವೆಮಣ್ಣಿನ ಅಂಕಣದಲ್ಲಿ ಸತತವಾಗಿ 125 ಪಂದ್ಯ ಗೆದ್ದರು. ಮಹಿಳಾ ಟೆನಿಸ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಒಂದಲ್ಲ ಒಂದು ಕಡೆ ಈ ಮಾತನ್ನು ಹೇಳಿಯೇ ಮುಂದೆ ಹೋಗುತ್ತಾರೆ. ಇಸವಿ ಸರಿ, ಅಂಕಿ ಸರಿ, ಗೆದ್ದವರ ಹೆಸರು ಸರಿ. ‘ಆವೆಮಣ್ಣು’ ಎಂಬ ಪದ ಮಾತ್ರ ಅಲ್ಲಿ ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧವನ್ನು ಯಾರೂ ಬಿಡಿಸಿ ನೋಡದೇ ಇದ್ದುದರಿಂದ, ಅಮೆರಿಕದ ಸೌತ್ ಕರೊಲಿನಾದಲ್ಲಿ 1973ರಲ್ಲಿ ಹುಟ್ಟಿದ ಒಂದು ಟೂರ್ನಿಯ ಚರಿತ್ರೆ ನಮ್ಮಲ್ಲಿ ಪ್ಯಾರಿಸ್ಸಿನ ಚರಿತ್ರೆಯ ಬಾಲಂಗೋಚಿಯಾಗಿ ಉಳಿದಿದೆ. ಈಗ ಚಾರ್ಲ್‌ಸ್ಟನ್ ಓಪನ್ ಎನಿಸಿಕೊಂಡಿರುವ, ಹಿಂದೆ ಫ್ಯಾಮಿಲಿ ಸರ್ಕಲ್ ಕಪ್ ಎಂದು ಹೆಸರಾಗಿದ್ದ ಟೂರ್ನಿ ಅದು. ಈ ಲೇಖನ ಅದರ ನೆಲದ ಬಗ್ಗೆ.

ಟೆನಿಸ್ ಅಂಕಣಕ್ಕೂ ಚಿತ್ರದುರ್ಗದಲ್ಲಿ ಕುಳಿತು ಬರೆಯುವವನಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ವಿಚಾರಗೋಷ್ಠಿಯಲ್ಲಿ ಹಿರಿಯರೊಬ್ಬರು ಕ್ರೀಡಾ ಪರಿಭಾಷೆಯ ಮೇಲೆ ಪ್ರಬಂಧ ಓದಿದರು. ಅವರ ಹೆಸರು ಇಲ್ಲಿ ಬೇಡ. ಶಾಸನದ ಅಚ್ಚು ತೆಗೆಯುವುದನ್ನೂ ಸವೆದ ಅಕ್ಷರವನ್ನು ಬೆರಳಿನಿಂದ ಓದುವುದನ್ನೂ ನನಗೆ ಕಲಿಸಿದವರು ಅವರು. ಆ ಋಣ ಈ ಭಿನ್ನಾಭಿಪ್ರಾಯಕ್ಕಿಂತ ದೊಡ್ಡದು. ಅಂದು ಅವರು ಎರಡು ಮಾತು ಹೇಳಿದರು. ಒಂದು, ಪತ್ರಿಕೆಗಳು ಬಳಸುವ ‘ಆವೆಮಣ್ಣಿನ ಅಂಕಣ’ ತಪ್ಪು, ಅದು ‘ಜೇಡಿಮಣ್ಣಿನ ಅಂಕಣ’ ಎಂದಾಗಬೇಕು. ಎರಡು, ಹೆಸರು ಯಾವುದಾದರೂ ನೆಲ ಒಂದೇ, ಪ್ಯಾರಿಸ್ಸಿನಿಂದ ಚಾರ್ಲ್‌ಸ್ಟನ್‌ವರೆಗೆ ಮಹಿಳೆಯರ ಮಣ್ಣಿನ ಟೆನಿಸ್‌ಗೆ ಒಂದೇ ಅಖಂಡ ಚರಿತ್ರೆ ಇದೆ, ಎವರ್ಟ್ ಅವರ 125 ಪಂದ್ಯಗಳೇ ಅದಕ್ಕೆ ಸಾಕ್ಷಿ. ಸಭೆ ಚಪ್ಪಾಳೆ ತಟ್ಟಿತು. ನಾನು ಅಂದು ಎದ್ದು ನಿಂತು ಏನನ್ನೂ ಹೇಳಲಿಲ್ಲ. ಗುರುವಿನ ಎದುರು ಮಾತು ಬರಲಿಲ್ಲ ಎಂಬುದು ಒಂದು ಕಾರಣ. ಆಗ ನನ್ನ ಬಳಿ ಪುರಾವೆ ಇರಲಿಲ್ಲ ಎಂಬುದು ನಿಜವಾದ ಕಾರಣ.

ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಇರುವ ಊರು ಇದು. ಕೆರೆಯ ವಿಷಯದ ಆ ಸಣ್ಣ ಶಾಸನದಲ್ಲಿ ಎಂ.ಎಚ್. ಕೃಷ್ಣ ಅವರು ಓದಿದ ರಾಜವಂಶಗಳ ಪಟ್ಟಿಯನ್ನು ಆಮೇಲೆ ಬಂದ ವಿದ್ವಾಂಸರು ಪ್ರಶ್ನಿಸಿದರು. ಒಂದೆರಡು ಅಕ್ಷರದ ಓದು ಬದಲಾದರೆ ಒಂದು ರಾಜ್ಯದ ಗಡಿಯೇ ಬದಲಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟೆನಿಸ್ ಚರಿತ್ರೆಗೂ ಅದೇ ಶಿಸ್ತು ಬೇಕು ಎಂದು ನಾನು ಕೇಳುತ್ತಿದ್ದೇನೆ, ಅಷ್ಟೇ.

ಮೊದಲು ಜೇಡಿಯ ಮಾತು. ಜೇಡಿಮಣ್ಣಿನ ಗುಣ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ನೀರು ಬಿದ್ದರೆ ಉಬ್ಬಿ ಅಂಟುತ್ತದೆ, ಜಾರುತ್ತದೆ. ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಿರಿಯೂರು ಕಡೆಯ ಎರೆ ಹೊಲದಲ್ಲಿ ಬೇಸಗೆಯ ಬಿರುಕಿಗೆ ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಅಂಥ ನೆಲದ ಮೇಲೆ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಒಂದೇ ಎತ್ತರಕ್ಕೆ ಪುಟಿಯಬೇಕು, ಆಟಗಾರ್ತಿ ನಾಲ್ಕಡಿ ಜಾರಿ ಹೋಗಿ ಬ್ಯಾಲೆನ್ಸ್ ತಪ್ಪದೆ ನಿಲ್ಲಬೇಕು, ಮಳೆ ನಿಂತ ಅರ್ಧ ಗಂಟೆಗೆ ಆಟ ಮತ್ತೆ ಶುರುವಾಗಬೇಕು ಎಂದರೆ ಸಾಧ್ಯವೇ? ‘ಜೇಡಿಮಣ್ಣು’ ಎಂಬುದು ನಿಘಂಟನ್ನು ತೆರೆದು ಮಾಡಿದ ಅನುವಾದ. ನೆಲವನ್ನು ಮುಟ್ಟಿ ಮಾಡಿದ್ದಲ್ಲ.

ನಿಜವಾದ ಮಣ್ಣಿನ ಅಂಕಣ ಎಂಬುದು ಇತ್ತು, ಅದು ನಮ್ಮಲ್ಲೇ ಇತ್ತು. ಸುಗ್ಗಿಗೆ ಮುಂಚೆ ರಾಗಿ ಕಣ ಮಾಡುವುದನ್ನು ನೋಡಿದವರು ನೆನಪಿಸಿಕೊಳ್ಳಲಿ: ಜಾಗ ಕೆತ್ತಿ ಸಮ ಮಾಡಿ, ನೀರು ಚಿಮುಕಿಸಿ, ದನ ತುಳಿಸಿ, ಗುಂಡು ಉರುಳಿಸಿ, ಮೇಲೆ ಸಗಣಿ ಬಗ್ಗಡ ಬಳಿದು ಸಾರಿಸುತ್ತಿದ್ದರು. ನಮ್ಮ ದೇಶದ ಹಳೆಯ ಕ್ಲಬ್ಬುಗಳ ಟೆನಿಸ್ ಅಂಕಣಗಳನ್ನೂ ಹೀಗೆಯೇ ಮಣ್ಣು ಗಟ್ಟಿಮಾಡಿ ಸಗಣಿ ಸಾರಿಸಿ ಸಿದ್ಧಪಡಿಸುತ್ತಿದ್ದರು. ಫ್ರೆಂಚರು ತಮ್ಮ ಅಂಕಣವನ್ನು ‘ತೇರ್ ಬಾತ್ಯು’ ಎನ್ನುತ್ತಾರೆ. ಬಡಿದು ಗಟ್ಟಿ ಮಾಡಿದ ಮಣ್ಣು ಎಂದು ಅದರ ಅರ್ಥ. ಆ ಹೆಸರು ಪ್ಯಾರಿಸ್ಸಿಗಿಂತ ನಮ್ಮ ಕಣಕ್ಕೇ ಚೆನ್ನಾಗಿ ಒಪ್ಪುತ್ತದೆ. ಹೆಸರಿಗೂ ವಸ್ತುವಿಗೂ ಇರುವ ಈ ಅಂತರ ಕನ್ನಡದವರ ತಪ್ಪಿನಿಂದ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು. ಇಂಗ್ಲಿಷಿನವರೂ ಫ್ರೆಂಚರೂ ಮೊದಲೇ ತಪ್ಪು ಹೆಸರಿಟ್ಟಿದ್ದರು.

ಪ್ಯಾರಿಸ್ಸಿನ ರೋಲಂಡ್ ಗ್ಯಾರೋಸ್‌ನ ಅಂಕಣವನ್ನು ಅಗೆದು ನೋಡಿದರೆ ಏನು ಸಿಗುತ್ತದೆ? ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲಿದ್ದಲಿನ ಕಿಟ್ಟ, ಅದರ ಮೇಲೆ ಆರೇಳು ಸೆಂಟಿಮೀಟರ್ ಪುಡಿ ಮಾಡಿದ ಬಿಳಿ ಸುಣ್ಣಕಲ್ಲು. ಆಟವನ್ನು ಹೊರುವುದು ಈ ಸುಣ್ಣಕಲ್ಲಿನ ಪದರ. ಟಿವಿಯಲ್ಲಿ ನಮಗೆ ಕಾಣುವ ಕೆಂಪು ಎರಡು ಮಿಲಿಮೀಟರ್ ಮೀರದ ಹೊದಿಕೆ. ಅದು ಇಟ್ಟಿಗೆಯ ಪುಡಿ. ನಮ್ಮ ಗಾರೆ ಕೆಲಸದವರಿಗೆ ಇದಕ್ಕೊಂದು ಹೆಸರಿದೆ: ಸುರ್ಕಿ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಈ ಸುರ್ಕಿ ಬೆರೆಸಿದ ಗಾರೆಯಲ್ಲಿ. ಅಂದರೆ ಪ್ಯಾರಿಸ್ಸಿನ ಅಂಕಣದ ಮೇಲೆ ಹಸಿ ಮಣ್ಣಿನ ಕಣವೂ ಇಲ್ಲ. ಅಲ್ಲಿರುವುದೆಲ್ಲ ಬೆಂಕಿಯಲ್ಲಿ ಬೆಂದು ಹೊರಬಂದ ಮಣ್ಣು.

ಈಗ ‘ಆವೆ’ ಎಂಬ ಪದವನ್ನು ನೋಡಿ. ಆವಗೆ, ಆವಿಗೆ, ಆವೆ: ಕುಂಬಾರ ಹಸಿ ಮಡಕೆಗಳನ್ನು ಜೋಡಿಸಿ ಸುಡುವ ಗೂಡು. ಆವೆಯಲ್ಲಿ ಸುಡಲು ಯೋಗ್ಯವಾದ ಮಣ್ಣು ಎಂಬ ಅರ್ಥದಲ್ಲಿ ಆವೆಮಣ್ಣು ಬಳಕೆಗೆ ಬಂತು ಎಂಬುದು ನನ್ನ ಓದು. ಪತ್ರಿಕೆಯವರು ಅದನ್ನು ಎತ್ತಿಕೊಂಡದ್ದೂ ಆ ಅರ್ಥದಲ್ಲೇ ಇರಬೇಕು. ಆದರೆ ಸಮಾಸವನ್ನು ಇನ್ನೊಂದು ರೀತಿಯಲ್ಲೂ ಬಿಡಿಸಬಹುದು: ಆವೆಯಿಂದ ಬಂದ ಮಣ್ಣು. ಹಾಗೆ ಬಿಡಿಸಿದರೆ ಕನ್ನಡದ ಪದ ಇಂಗ್ಲಿಷಿಗಿಂತಲೂ ಫ್ರೆಂಚಿಗಿಂತಲೂ ಪ್ಯಾರಿಸ್ಸಿನ ನೆಲವನ್ನು ಸರಿಯಾಗಿ ಹೇಳುತ್ತದೆ. ವಿಲಿಯಂ ಮತ್ತು ಅರ್ನೆಸ್ಟ್ ರೆನ್ಶಾ ಸೋದರರು 1880ರ ಸುಮಾರಿಗೆ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ, ಬಿಸಿಲಿಗೆ ಸುಟ್ಟುಹೋಗುತ್ತಿದ್ದ ಹುಲ್ಲಿನ ಅಂಕಣದ ಮೇಲೆ ಹತ್ತಿರದ ವಲ್ಲೋರಿಸ್‌ನಿಂದ ಮಡಕೆಯ ಪುಡಿ ತಂದು ಹರಡಿದರು ಎಂಬ ಕಥೆಯನ್ನು ಟೆನಿಸ್ ಬಲ್ಲವರು ಹೇಳುತ್ತಾ ಬಂದಿದ್ದಾರೆ. ಮೂಲಕಥೆಗಳನ್ನು ನಂಬುವಾಗ ನಾನು ನಿಧಾನಿಸುವವನು, ಇದರ ಮೇಲೆ ಭಾರ ಹಾಕುವುದಿಲ್ಲ. ವಲ್ಲೋರಿಸ್ ಕುಂಬಾರರ ಊರು ಎಂಬುದು ಮಾತ್ರ ಕಥೆಯಲ್ಲ. ನನ್ನ ಗುರುಗಳು ತಪ್ಪು ಎಂದ ಪದ ಹೀಗೆ ಕೆಂಪು ಅಂಕಣದ ಮಟ್ಟಿಗೆ ಸರಿಯಾಗಿಯೇ ನಿಲ್ಲುತ್ತದೆ. ಪತ್ರಿಕೆಯವರನ್ನು ಅಜ್ಞಾನಿಗಳೆಂದು ಹಳಿಯುವ ಮೊದಲು ಅವರು ಒಮ್ಮೆ ಕುಂಬಾರಗೇರಿಗೆ ಹೋಗಿಬಂದಿದ್ದರೆ ಚೆನ್ನಾಗಿತ್ತು.

ತಪ್ಪಾಗುವುದು ಅಟ್ಲಾಂಟಿಕ್ ದಾಟಿದ ಮೇಲೆ.

ಚಾರ್ಲ್‌ಸ್ಟನ್‌ನ ಅಂಕಣ ಹಸಿರು. ಬಣ್ಣ ಬಳಿದದ್ದಲ್ಲ, ಕಲ್ಲಿನ ಸ್ವಂತ ಬಣ್ಣ. 1930ರ ದಶಕದಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ, ಹಾರ್-ಟ್ರೂ ಎಂದು ಕರೆಯುವ ಈ ನೆಲದಲ್ಲಿ ಜೇಡಿಯೂ ಇಲ್ಲ, ಇಟ್ಟಿಗೆಯೂ ಇಲ್ಲ. ಬ್ಲೂ ರಿಡ್ಜ್ ಬೆಟ್ಟಸಾಲಿನ ಮೆಟಾಬಸಾಲ್ಟ್ ಎಂಬ ಬಂಡೆಯನ್ನು ಕ್ರಷರ್‌ಗೆ ಹಾಕಿ, ಪುಡಿ ಮಾಡಿ, ಜರಡಿ ಹಿಡಿದು, ಹಿಡಿತಕ್ಕೆ ಸ್ವಲ್ಪ ಜಿಪ್ಸಂ ಬೆರೆಸಿ, ಜಲ್ಲಿಯ ತಳಪಾಯದ ಮೇಲೆ ಸುಮಾರು ಒಂದು ಅಂಗುಲ ದಪ್ಪ ಹರಡುತ್ತಾರೆ. ಪ್ರೀಕ್ಯಾಂಬ್ರಿಯನ್ ಕಾಲದ ಜ್ವಾಲಾಮುಖಿಯ ಲಾವಾ ಭೂಮಿಯೊಳಗೆ ಮತ್ತೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ರೂಪಾಂತರಗೊಂಡ ಕಲ್ಲು ಅದು. ಕ್ಲೋರೈಟ್, ಎಪಿಡೋಟ್ ಖನಿಜಗಳಿಂದ ಹಸಿರು ಬಂದಿದೆ. ನಮ್ಮ ಕಟ್ಟಡದ ಮೇಸ್ತ್ರಿಯ ಕೈಗೆ ಒಂದು ಹಿಡಿ ಕೊಟ್ಟರೆ ಅವನು ಇದನ್ನು ಕ್ರಷರ್ ಪುಡಿ ಎನ್ನುತ್ತಾನೆ. ಅವನ ಮಾತೇ ಸರಿ.

ಚಿತ್ರದುರ್ಗದವನಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಬಂದದ್ದು ಇಲ್ಲಿಂದ. ಕೋಟೆಯ ಬಂಡೆಗಳು ಗ್ರಾನೈಟ್. ಆದರೆ ಕೋಟೆ ಬಿಟ್ಟು ಹೊರಗೆ ಬಂದರೆ ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ, ಗದಗದ ಕಡೆಯಿಂದ ದಕ್ಷಿಣಕ್ಕೆ ಇಳಿದುಬರುವ ಉದ್ದನೆಯ ಪಟ್ಟಿಯ ಮೇಲೆ ಕಾಲಿಡುತ್ತೇವೆ. ತಾಮ್ರದ ಗಣಿಯಿದ್ದ ಇಂಗಳದಾಳಿನ ಬಂಡೆಗಳು ಇದೇ ಮೆಟಾಬಸಾಲ್ಟ್ ಜಾತಿಯವು. ಹಿರಿಯೂರಿನ ದಾರಿಯಲ್ಲಿ ಐಮಂಗಲದ ಆಸುಪಾಸಿನ ಮರಡಿಹಳ್ಳಿಯಲ್ಲಿ, ಸಮುದ್ರದಡಿ ಹರಿದ ಲಾವಾ ನೀರಿಗೆ ತಾಗಿ ದಿಂಬುಗಳ ಆಕಾರದಲ್ಲಿ ಗಟ್ಟಿಯಾದದ್ದನ್ನು ಇಂದಿಗೂ ನೋಡಬಹುದು. ಸುಮಾರು 250 ಕೋಟಿ ವರ್ಷ ಹಳೆಯದಾದ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಬ್ಲೂ ರಿಡ್ಜ್‌ನ ಕಲ್ಲಿಗೂ ಇದಕ್ಕೂ ಕಾಲದಲ್ಲಿ ಬಹಳ ಅಂತರವಿದೆ, ಜಾತಿ ಮಾತ್ರ ಒಂದೇ. ಹಸಿರು ಎಂದಾಕ್ಷಣ ಎಲ್ಲ ಕಲ್ಲೂ ಒಂದಾಗುವುದಿಲ್ಲ ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. ಹೊಳಲ್ಕೆರೆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯ ಹಸಿರು ಕಲ್ಲು ಫ್ಯೂಕ್ಸೈಟ್ ಎಂಬ ಅಭ್ರಕದಿಂದ ಹಸಿರಾದ ಕ್ವಾರ್ಟ್‌ಜೈಟ್. ಅದನ್ನು ಪುಡಿ ಮಾಡಿ ಹಾಸಿದರೆ ಚಾರ್ಲ್‌ಸ್ಟನ್‌ನ ಅಂಕಣ ಆಗುವುದಿಲ್ಲ.

ಲಾವಾ ಕೂಡ ಬೆಂಕಿಯಿಂದ ಬಂದದ್ದೇ, ಹಾಗಾಗಿ ಅದಕ್ಕೂ ‘ಆವೆ’ ಎಂಬ ಪದ ಸಲ್ಲುತ್ತದೆ ಎಂದು ಗೋಷ್ಠಿಯ ನಂತರ ಕಾಫಿಯ ಹೊತ್ತಿನಲ್ಲಿ ಒಬ್ಬರು ವಾದಿಸಿದರು. ಕೇಳಲು ಚೆಂದ. ಆದರೆ ಆವೆ ಎಂದರೆ ಮನುಷ್ಯ ಸೌದೆ ಜೋಡಿಸಿ, ಹೊಗೆಯ ದಾರಿ ನೋಡಿ, ರಾತ್ರಿ ಕಾದು ಉರಿಸಿದ ಬೆಂಕಿ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಬೇಯಿಸುತ್ತಿದ್ದ ಕುಲುಮೆಗೂ ಭೂಗರ್ಭಕ್ಕೂ ಒಂದೇ ಹೆಸರು ಕೊಟ್ಟರೆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ನೆಲದ ಈ ವ್ಯತ್ಯಾಸ ಆಟದಲ್ಲಿ ಕಾಣುತ್ತದೆಯೇ? ಕಾಣುತ್ತದೆ ಎಂದು ಆಡಿದವರು ಹೇಳುತ್ತಾರೆ. ಇಟ್ಟಿಗೆಪುಡಿಯ ನೆಲ ಚೆಂಡಿನ ವೇಗವನ್ನು ಹೀರಿ ಎತ್ತರಕ್ಕೆ ಪುಟಿಸುತ್ತದೆ. ಕಲ್ಪುಡಿಯ ನೆಲ ಗಟ್ಟಿ; ಅಲ್ಲಿ ಚೆಂಡು ಸ್ವಲ್ಪ ಬೇಗ ಬರುತ್ತದೆ, ಸ್ವಲ್ಪ ಕೆಳಗೇ ಉಳಿಯುತ್ತದೆ. ಮಳೆಯ ನೀರು ಬೇಗ ಇಂಗುತ್ತದೆ, ಅಮೆರಿಕದ ತೇವದ ಕರಾವಳಿಗೆ ಅದು ಒಗ್ಗಿದ್ದೇ ಅದಕ್ಕಾಗಿ. ಹಾಗಾದರೆ ಟೂರ್ನಿಯ ಫಲಿತಾಂಶಗಳಲ್ಲಿ ಇದು ಬರೆದಿದೆಯೇ ಎಂಬುದು ನನ್ನ ನಿಜವಾದ ಪ್ರಶ್ನೆ.

1973ರ ಮೊದಲ ಟೂರ್ನಿಯನ್ನೇ ತೆಗೆದುಕೊಳ್ಳಿ. ಆಗ ಅದು ಚಾರ್ಲ್‌ಸ್ಟನ್‌ಗೆ ಇನ್ನೂ ಬಂದಿರಲಿಲ್ಲ; ಹಿಲ್ಟನ್ ಹೆಡ್ ದ್ವೀಪದ ಸೀ ಪೈನ್ಸ್‌ನಲ್ಲಿ ನಡೆಯಿತು. ಒಟ್ಟು ಬಹುಮಾನ 1,00,000 ಡಾಲರ್. ಮೂರು ವರ್ಷದ ಹಿಂದೆ, 1970ರ ಸೆಪ್ಟೆಂಬರ್‌ನಲ್ಲಿ, ಹೂಸ್ಟನ್‌ನಲ್ಲಿ ಒಂಬತ್ತು ಆಟಗಾರ್ತಿಯರು ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ ಬಂಡೆದ್ದು ಆಡಿದ ಟೂರ್ನಿಯ ಒಟ್ಟು ಬಹುಮಾನ 7,500 ಡಾಲರ್ ಇತ್ತು. ಮಹಿಳೆಯರ ಟೂರ್ನಿಯೊಂದು ಅಮೆರಿಕದ ರಾಷ್ಟ್ರೀಯ ಟಿವಿ ಜಾಲದಲ್ಲಿ ಪ್ರಸಾರವಾದದ್ದು ಹಿಲ್ಟನ್ ಹೆಡ್‌ನಲ್ಲಿ ಮೊದಲು. ಇವೆಲ್ಲ ಎಲ್ಲರೂ ಬರೆಯುವ ಸಂಗತಿಗಳು. ಮಹಿಳಾ ಟೆನಿಸ್ ಸಂಘ ಲಂಡನ್ನಿನಲ್ಲಿ ಹುಟ್ಟಿದ್ದು ಆ ವರ್ಷದ ಜೂನ್‌ನಲ್ಲಿ, ಅಂದರೆ ಈ ಟೂರ್ನಿ ಸಂಘಕ್ಕಿಂತ ಹಿರಿದು, ಎಂಬುದನ್ನೂ ಕೆಲವರು ಗುರುತಿಸಿದ್ದಾರೆ. ಫೈನಲ್‌ನಲ್ಲಿ ಯಾರು ಯಾರನ್ನು ಸೋಲಿಸಿದರು ಎಂಬುದರ ಮೇಲೆ ಮಾತ್ರ ಯಾರೂ ನಿಂತಿಲ್ಲ. ಸೋತವರು ನ್ಯಾನ್ಸಿ ರಿಚಿ. ಟೆಕ್ಸಸ್ಸಿನ ಈಕೆ 1963ರಿಂದ 1968ರವರೆಗೆ ಅಮೆರಿಕದ ಕ್ಲೇ ಕೋರ್ಟ್ ಚಾಂಪಿಯನ್‌ಷಿಪ್ ಅನ್ನು ಸತತ ಆರು ಬಾರಿ ಗೆದ್ದವರು, 1968ರಲ್ಲಿ ಪ್ಯಾರಿಸ್ಸಿನಲ್ಲೂ ಗೆದ್ದವರು. ಬೇಸ್‌ಲೈನ್ ಬಿಟ್ಟು ಕದಲದ ಆಟ. ಗೆದ್ದವರು ರೋಸಿ ಕಸಾಲ್ಸ್. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಉದ್ಯಾನದ ಗಟ್ಟಿ ಅಂಕಣದಲ್ಲಿ ಕಲಿತು, ಸರ್ವ್ ಮಾಡಿ ನೆಟ್ಟಿಗೆ ಓಡಿ ವಾಲಿ ಹೊಡೆಯುವವರು. 3–6, 6–1, 7–5. ಮೊದಲ ಸೆಟ್ ರಿಚಿ ಗೆದ್ದದ್ದನ್ನು ನಾನು ಮರೆಮಾಚುವುದಿಲ್ಲ, ಮೂರನೆಯದು 7–5ಕ್ಕೆ ಹೋದದ್ದನ್ನೂ. ಒಂದು ಪಂದ್ಯ ಒಂದು ನೆಲವನ್ನು ರುಜುವಾತು ಮಾಡುವುದಿಲ್ಲ. ಆದರೂ ಮೊದಲ ವರ್ಷವೇ, 30,000 ಡಾಲರಿನ ಮೊದಲ ಬಹುಮಾನಕ್ಕಾಗಿ, ವಾಲಿ ಆಟಗಾರ್ತಿ ಮಣ್ಣಿನ ರಾಣಿಯನ್ನು ಹಿಂದಿಕ್ಕಿದ ನೆಲ ಅದು ಎಂಬುದು ದಾಖಲೆಯಲ್ಲಿ ಉಳಿಯಬೇಕು.

ಇನ್ನು ಎವರ್ಟ್ ಅವರ 125. ಗುರುಗಳ ಅಖಂಡ ಚರಿತ್ರೆಯ ಆಧಾರಸ್ತಂಭ ಇದು, ಹಾಗಾಗಿ ನಿಧಾನವಾಗಿ ನೋಡೋಣ.

ಎವರ್ಟ್ ಬೆಳೆದದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನ ಹಾಲಿಡೇ ಪಾರ್ಕಿನಲ್ಲಿ. ತಂದೆ ಜಿಮ್ಮಿ ಅಲ್ಲಿ ಕೋಚ್. ಅಲ್ಲಿಯದು ಹಸಿರು ಪುಡಿಯ ನೆಲ. ಅಂದರೆ ಆಕೆಯ ಕಾಲು ಜಾರುವುದನ್ನು ಕಲಿತದ್ದೇ ಕಲ್ಲಿನ ಮೇಲೆ. ಫ್ಯಾಮಿಲಿ ಸರ್ಕಲ್ ಕಪ್ ಅನ್ನು 1974ರಿಂದ 1978ರವರೆಗೆ ಸತತ ಐದು ವರ್ಷ ಗೆದ್ದರು. 1975 ಮತ್ತು 1976ರಲ್ಲಿ ಅದು ಫ್ಲಾರಿಡಾದ ಅಮೀಲಿಯಾ ದ್ವೀಪದಲ್ಲಿ ನಡೆಯಿತು, ಉಳಿದ ಮೂರು ಬಾರಿ ಹಿಲ್ಟನ್ ಹೆಡ್‌ನಲ್ಲಿ. ಇದೇ ಅವಧಿಯಲ್ಲಿ ನಡೆದ ಇನ್ನೊಂದು ಘಟನೆಯನ್ನು 125ರ ಬಗ್ಗೆ ಬರೆಯುವವರು ಮರೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ 1975ರಲ್ಲಿ ಫಾರೆಸ್ಟ್ ಹಿಲ್ಸ್‌ನ ಹುಲ್ಲು ಕಿತ್ತು ಹಾರ್-ಟ್ರೂ ಹಾಸಿತು. 1978ರಲ್ಲಿ ಫ್ಲಶಿಂಗ್ ಮೆಡೋಸ್‌ನ ಗಟ್ಟಿ ಅಂಕಣಕ್ಕೆ ಹೋಗುವವರೆಗೆ ಮೂರು ಯುಎಸ್ ಓಪನ್‌ಗಳು ಹಸಿರು ಕಲ್ಪುಡಿಯ ಮೇಲೆ ನಡೆದವು. ಮೂರನ್ನೂ ಎವರ್ಟ್ ಗೆದ್ದರು.

ಪ್ಯಾರಿಸ್? 1974 ಮತ್ತು 1975ರಲ್ಲಿ ಗೆದ್ದರು. 1976, 1977, 1978ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಲೇ ಇಲ್ಲ. ಅಮೆರಿಕದ ವರ್ಲ್ಡ್ ಟೀಮ್ ಟೆನಿಸ್‌ನಲ್ಲಿ ಆಡುತ್ತಿದ್ದರು. ‘ಆವೆಮಣ್ಣಿನ 125 ಗೆಲುವು’ ಎಂದು ಬರೆದಾಗ ಕನ್ನಡ ಓದುಗನ ಕಣ್ಣಿಗೆ ಬರುವುದು ಪ್ಯಾರಿಸ್ಸಿನ ಕೆಂಪು. ಆ ದಾಖಲೆಯ ನಡುವಿನ ಮೂರು ವರ್ಷ ಪ್ಯಾರಿಸ್ಸಿನ ಕೆಂಪು ಅದರಲ್ಲಿ ಇಲ್ಲವೇ ಇಲ್ಲ. ಆ ವರ್ಷಗಳ ದೊಡ್ಡ ಗೆಲುವುಗಳ ಹೆಸರು ಅಮೀಲಿಯಾ, ಹಿಲ್ಟನ್ ಹೆಡ್, ಫಾರೆಸ್ಟ್ ಹಿಲ್ಸ್: ಮೂರೂ ಹಸಿರು. ಅಖಂಡ ಚರಿತ್ರೆಯ ಸಾಕ್ಷಿ ಎಂದು ತಂದು ನಿಲ್ಲಿಸಿದ ದಾಖಲೆಯೇ, ಬಿಡಿಸಿ ನೋಡಿದರೆ, ಎರಡು ನೆಲಗಳ ನಡುವೆ ಸೀಳಿಕೊಂಡಿದೆ.

ನನ್ನ ವಾದಕ್ಕೆ ಅನುಕೂಲವಲ್ಲದ್ದನ್ನೂ ಹೇಳಬೇಕು. ಚಾರ್ಲ್‌ಸ್ಟನ್ ಟೂರ್ನಿಯನ್ನೂ ಫ್ರೆಂಚ್ ಓಪನ್ ಅನ್ನೂ ಒಂದೇ ವರ್ಷ ಗೆದ್ದವರ ಪಟ್ಟಿ ಮಾಡಿದೆ. ಎವರ್ಟ್ 1974, 1975, 1985ರಲ್ಲಿ, ನವ್ರಾಟಿಲೋವಾ 1982ರಲ್ಲಿ, ಸ್ಟೆಫಿ ಗ್ರಾಫ್ 1987, 1993ರಲ್ಲಿ, ಮೇರಿ ಪಿಯರ್ಸ್ 2000ದಲ್ಲಿ, ಕ್ಯಾಪ್ರಿಯಾಟಿ 2001ರಲ್ಲಿ, ಜಸ್ಟಿನ್ ಹೆನಿನ್ 2003, 2005ರಲ್ಲಿ, ಸೆರೆನಾ ವಿಲಿಯಮ್ಸ್ 2013ರಲ್ಲಿ. ಒಟ್ಟು ಹನ್ನೊಂದು ಬಾರಿ. 2020ರಲ್ಲಿ ಟೂರ್ನಿ ನಡೆಯಲಿಲ್ಲವಾದ್ದರಿಂದ 2025ರವರೆಗೆ 52 ಬಾರಿ ನಡೆದಿದೆ. ಐದರಲ್ಲಿ ಒಂದು ಬಾರಿಗಿಂತ ಹೆಚ್ಚು ಎರಡೂ ಕಡೆ ಒಬ್ಬರೇ ಗೆದ್ದಿದ್ದಾರೆ ಎಂದರೆ ನೆಲಗಳ ನಡುವೆ ಅಷ್ಟೇನೂ ವ್ಯತ್ಯಾಸವಿಲ್ಲ ಎಂದು ಎದುರಾಳಿಗಳು ಹೇಳಬಹುದು. ಉತ್ತರ ಆ ಹೆಸರುಗಳಲ್ಲೇ ಇದೆ. ಎವರ್ಟ್, ನವ್ರಾಟಿಲೋವಾ, ಗ್ರಾಫ್, ಹೆನಿನ್, ಸೆರೆನಾ: ಹುಲ್ಲಿನ ಮೇಲೆ, ಗಟ್ಟಿ ಅಂಕಣದ ಮೇಲೆ, ಎಲ್ಲಿ ಆಡಿದರೂ ಗೆಲ್ಲುತ್ತಿದ್ದವರು. ಎಲ್ಲ ನೆಲದಲ್ಲೂ ಗೆಲ್ಲುವವರಿಂದ ನೆಲಗಳ ವ್ಯತ್ಯಾಸ ತಿಳಿಯುವುದಿಲ್ಲ. 2013ರ ನಂತರ ಹನ್ನೆರಡು ವರ್ಷ ಒಬ್ಬರೂ ಎರಡನ್ನೂ ಸೇರಿಸಿ ಗೆದ್ದಿಲ್ಲ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇದಕ್ಕೆ ವಿರುದ್ಧವಾಗಿ, ನನ್ನ ಪಕ್ಷದಲ್ಲೇ ನಿಂತು ಅತ್ಯುತ್ಸಾಹ ತೋರುವವರು ಸೆರೆನಾ ಅವರ 2012ನ್ನು ಎತ್ತಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಚಾರ್ಲ್‌ಸ್ಟನ್‌ನ ಹಸಿರಿನ ಮೇಲೆ ಸಫಾರೊವಾ ಅವರನ್ನು 6–0, 6–1ರಿಂದ ಸೋಲಿಸಿ ಪ್ರಶಸ್ತಿ. ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನ ನೀಲಿ ಅಂಕಣದಲ್ಲಿ ಅಜರೆಂಕಾ ಅವರನ್ನು 6–1, 6–3ರಿಂದ ಸೋಲಿಸಿ ಇನ್ನೊಂದು. ಅದೇ ತಿಂಗಳ ಕೊನೆಗೆ ಪ್ಯಾರಿಸ್ಸಿನ ಕೆಂಪಿನ ಮೇಲೆ ಮೊದಲ ಸುತ್ತಿನಲ್ಲೇ ವರ್ಜಿನಿ ರಜಾನೊಗೆ ಸೋಲು. ಗ್ರ್ಯಾನ್ ಸ್ಲಾಂ ಟೂರ್ನಿಯೊಂದರ ಮೊದಲ ಸುತ್ತಿನಲ್ಲಿ ಸೆರೆನಾ ಅದುವರೆಗೆ ಸೋತಿರಲಿಲ್ಲ. ಹಸಿರು, ನೀಲಿ, ಕೆಂಪು ಎಂದು ಮೂರು ಬಣ್ಣ ಜೋಡಿಸಿ ತೀರ್ಪು ಕೊಡುವುದು ಸುಲಭ. ಆದರೆ ಮ್ಯಾಡ್ರಿಡ್‌ನ ನೀಲಿಯೂ ಇಟ್ಟಿಗೆಪುಡಿಯೇ, ಬಣ್ಣ ಹಾಕಿದ್ದು. ವಸ್ತುವಿನಲ್ಲಿ ಅದು ಪ್ಯಾರಿಸ್ಸಿನ ದಾಯಾದಿ, ಚಾರ್ಲ್‌ಸ್ಟನ್‌ನದಲ್ಲ. ಜಾರುತ್ತದೆ ಎಂದು ಆಟಗಾರರು ದೂರಿದ ಮೇಲೆ ಮರುವರ್ಷವೇ ಅದನ್ನು ತೆಗೆದುಹಾಕಿದರು. ಬಣ್ಣವನ್ನು ನೋಡಿ ನೆಲವನ್ನು ವರ್ಗೀಕರಿಸಿದರೆ ಜೇಡಿಮಣ್ಣಿನವರು ಮಾಡಿದ ತಪ್ಪನ್ನೇ ಇನ್ನೊಂದು ಬಾಗಿಲಿನಿಂದ ಒಳಗೆ ತಂದಂತೆ. ಈ ಸಾಕ್ಷಿಯನ್ನು ನಾನು ಬಳಸುವುದಿಲ್ಲ.

ಪುರುಷರ ಕಡೆಯಿಂದ ಒಂದು ಸಂಗತಿಯನ್ನು ಮಾತ್ರ ಪಕ್ಕದಲ್ಲಿ ಇಡುತ್ತೇನೆ. ಪ್ಯಾರಿಸ್ಸಿನಲ್ಲಿ ಆರು ಬಾರಿ ಗೆದ್ದ ಬೋರ್ಗ್, ಫಾರೆಸ್ಟ್ ಹಿಲ್ಸ್‌ನ ಹಸಿರು ಪುಡಿಯ ಮೇಲೆ 1976ರ ಫೈನಲ್‌ನಲ್ಲಿ ಕಾನರ್ಸ್‌ಗೆ ಸೋತರು. ಕಾನರ್ಸ್ ಪ್ಯಾರಿಸ್ಸಿನಲ್ಲಿ ಒಮ್ಮೆಯೂ ಗೆದ್ದವರಲ್ಲ. ಮರುವರ್ಷ ವಿಲಾಸ್ ಎರಡೂ ಕಡೆ ಗೆದ್ದರು ಎಂಬುದು ಇದರ ಜೊತೆಗೇ ಓದಬೇಕಾದ ಸಾಲು.

ಕರ್ನಾಟಕಕ್ಕೂ ಈ ಟೂರ್ನಿಗೂ ಇರುವ ನಂಟು 2008ರದ್ದು. ಬೆಂಗಳೂರಿನಲ್ಲಿ 2006ರಿಂದ 2008ರವರೆಗೆ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ನಡೆಯಿತು. ಮೂರನೆಯ ವರ್ಷ, ಮಾರ್ಚ್‌ನಲ್ಲಿ, ಕಬ್ಬನ್ ಪಾರ್ಕಿನ ಅಂಕಣದಲ್ಲಿ ಸೆರೆನಾ ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು 7–5, 6–3ರಿಂದ ಸೋಲಿಸಿದರು. ಮುಂದಿನ ತಿಂಗಳು ಚಾರ್ಲ್‌ಸ್ಟನ್‌ನಲ್ಲಿ ಜ್ವೊನರೆವಾ ವಿರುದ್ಧ 6–4, 3–6, 6–3. ಬೆಂಗಳೂರಿನದು ಗಟ್ಟಿ ಅಂಕಣ, ಚಾರ್ಲ್‌ಸ್ಟನ್‌ನದು ಕಲ್ಪುಡಿ. ಬೆಂಗಳೂರಿನ ಟೂರ್ನಿ ಅಲ್ಲಿಗೇ ನಿಂತುಹೋಯಿತು. ಚಾರ್ಲ್‌ಸ್ಟನ್ ಆ ವರ್ಷದವರೆಗೆ ಟಿಯರ್ 1 ಆಗಿತ್ತು. ನಂತರ ಪ್ರೀಮಿಯರ್, ಈಗ ಡಬ್ಲ್ಯುಟಿಎ 500. ನಮ್ಮ ರಾಜಧಾನಿಯಲ್ಲಿ ವಿಶ್ವದ ಶ್ರೇಷ್ಠ ಆಟಗಾರ್ತಿಯರು ಆಡಿದ ಮೂರು ವರ್ಷಗಳ ಬಗ್ಗೆ ಕನ್ನಡದಲ್ಲಿ ಒಂದು ಪೂರ್ಣ ಪ್ರಮಾಣದ ಬರಹ ನನ್ನ ಕೈಗೆ ಸಿಕ್ಕಿಲ್ಲ. ಪರಿಭಾಷೆಯ ಗೋಷ್ಠಿಗಳಿಗೆ ಬಿಡುವು ಮಾಡಿಕೊಳ್ಳುವವರು ಇದಕ್ಕೂ ಸ್ವಲ್ಪ ಬಿಡುವು ಮಾಡಿಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ನಂಟು ಇಡೀ ದೇಶದ್ದು. ಸಾನಿಯಾ ಮಿರ್ಜಾ ಚಾರ್ಲ್‌ಸ್ಟನ್‌ನಲ್ಲಿ 2011ರಲ್ಲಿ ಎಲೆನಾ ವೆಸ್ನಿನಾ ಜೊತೆಗೂಡಿ ಡಬಲ್ಸ್ ಗೆದ್ದರು. 2015ರ ಏಪ್ರಿಲ್ 12ರಂದು ಮಾರ್ಟಿನಾ ಹಿಂಗಿಸ್ ಜೊತೆ ಮತ್ತೆ ಅಲ್ಲೇ ಗೆದ್ದರು. ಮರುದಿನ ಪ್ರಕಟವಾದ ರ‍್ಯಾಂಕಿಂಗ್‌ನಲ್ಲಿ ಡಬಲ್ಸ್‌ನ ವಿಶ್ವದ ನಂಬರ್ 1 ಆದರು. ಭಾರತದ ಯಾವ ಮಹಿಳೆಯೂ ಅದಕ್ಕೆ ಮೊದಲು ಆ ಸ್ಥಾನ ಮುಟ್ಟಿರಲಿಲ್ಲ. ಆ ದಿನ ಆಕೆ ನಿಂತಿದ್ದ ನೆಲವನ್ನು ಆವೆಮಣ್ಣು ಎಂದು ಬರೆದರೆ ಆಕೆಯನ್ನು ಪ್ಯಾರಿಸ್ಸಿಗೆ ಒಯ್ದಂತಾಗುತ್ತದೆ. ಆಕೆ ಗೆದ್ದದ್ದು ಕಲ್ಲಿನ ಮೇಲೆ; ಮರಡಿಹಳ್ಳಿಯ ದಿಂಬುಗಳ ಜಾತಿಯ ಕಲ್ಲಿನ ಮೇಲೆ.

ಆದ್ದರಿಂದ ನನ್ನ ಸೂಚನೆ ಇಷ್ಟು. ಪ್ಯಾರಿಸ್, ರೋಮ್, ಮ್ಯಾಡ್ರಿಡ್‌ಗೆ ‘ಆವೆಮಣ್ಣಿನ ಅಂಕಣ’ ಇರಲಿ. ಪದ ಚೆನ್ನಾಗಿದೆ, ಅದನ್ನು ಯಾರೂ ತಿದ್ದುವುದು ಬೇಡ. ಚಾರ್ಲ್‌ಸ್ಟನ್‌ಗೆ ‘ಕಲ್ಪುಡಿ ಅಂಕಣ’ ಎನ್ನೋಣ. ಎವರ್ಟ್ ಅವರ 125 ಪಂದ್ಯಗಳನ್ನು ಮುಂದೆ ಯಾರಾದರೂ ಅಚ್ಚಿಗೆ ಕೊಡುವುದಾದರೆ ಎರಡು ಕಂಬಸಾಲು ಮಾಡಿ ಕೊಡಲಿ, ಒಂದಕ್ಕೆ ಕಲ್ಲು, ಇನ್ನೊಂದಕ್ಕೆ ಇಟ್ಟಿಗೆ ಎಂದು ತಲೆಬರಹವಿರಲಿ. ಹಾಗೆ ಮಾಡಿದಾಗ ಕಾಣುವುದನ್ನು, ಇಷ್ಟು ವರ್ಷ ಆ ಒಂದೇ ಪದದ ಹಿಂದೆ ಮುಚ್ಚಿಹೋಗಿದ್ದುದನ್ನು, ಇಲ್ಲಿ ದಾಖಲಿಸುತ್ತೇನೆ. 1973ರ ಆಗಸ್ಟ್‌ನ ನಂತರ ಸುಮಾರು ಎಂಟು ವರ್ಷ ಕಲ್ಲಿನ ಸಾಲಿನಲ್ಲಿ ಎವರ್ಟ್ ಹೆಸರಿನ ಮುಂದೆ ಒಂದೂ ಸೋಲಿಲ್ಲ. ಆ ಅವಧಿಯ ಎರಡು ಸೋಲುಗಳೂ ಇಟ್ಟಿಗೆಯ ಸಾಲಿನಲ್ಲಿವೆ. ಎರಡನೆಯದು ಗೆಲುವುಗಳ ಇನ್ನೊಂದು ಸರಣಿಯನ್ನು ಮುರಿದದ್ದು: 1981ರ ಪ್ಯಾರಿಸ್ ಸೆಮಿಫೈನಲ್, ಹಾನಾ ಮಂಡ್ಲಿಕೋವಾ ವಿರುದ್ಧ, 7–5, 6–4. ಮೊದಲನೆಯದು 125ಕ್ಕೆ ಪೂರ್ಣವಿರಾಮ ಹಾಕಿದ್ದು: 1979ರ ಮೇ, ರೋಮ್ ಸೆಮಿಫೈನಲ್, 6–4, 2–6, 7–6. ಗೆದ್ದವರು ಹದಿನಾರು ವರ್ಷದ ಟ್ರೇಸಿ ಆಸ್ಟಿನ್. ಹಿಂದಿನ ತಿಂಗಳಷ್ಟೇ ಅವರು ಹಿಲ್ಟನ್ ಹೆಡ್‌ನ ಹಸಿರು ಕಲ್ಪುಡಿಯ ಮೇಲೆ ಫ್ಯಾಮಿಲಿ ಸರ್ಕಲ್ ಕಪ್ ಎತ್ತಿಕೊಂಡಿದ್ದರು.